ಟೈಬ್ರೇಕರ್ ಹೊತ್ತಿಗೆ ಬಂದ ಮಳೆ

ಗೋಣಿಬೀಡು: ಹೊರಡುವ ಮೊದಲು

ನಮ್ಮವರು ಮತ್ತು ಅವರ ಅಣ್ಣ, ಅಂದರೆ ನಮ್ಮ ಭಾವ, ಒಂಬತ್ತು ವರ್ಷ ಒಬ್ಬರ ಜೊತೆ ಒಬ್ಬರು ಟೆನಿಸ್ ಬಿಟ್ಟು ಬೇರೇನನ್ನೂ ಮಾತಾಡಿರಲಿಲ್ಲ. ನಾವು ಮೂವರು ಮಲೇಷ್ಯಾಕ್ಕೆ ಹೋಗಿ ಬಂದ ಕಥೆ ಹೇಳಬೇಕಾದರೆ ಇದನ್ನು ಮೊದಲು ಹೇಳಲೇಬೇಕು. ಇಲ್ಲದಿದ್ದರೆ, ನವೆಂಬರ್ ತಿಂಗಳಲ್ಲಿ, ಕಾಫಿ ಕುಯ್ಲು ಶುರುವಾಗಿರುವಾಗ, ಇಬ್ಬರು ಬೆಳೆಗಾರರು ತೋಟ ಬಿಟ್ಟು ವಿಮಾನ ಹತ್ತಿದರೆಂದರೆ ಅವರಿಗೆ ತಲೆ ಕೆಟ್ಟಿತ್ತೇ ಎಂದು ನೀವು ಕೇಳುತ್ತೀರಿ. ನಮ್ಮೂರಿನಲ್ಲಿ ಎಲ್ಲರೂ ಕೇಳಿದರು.

ಟೆನಿಸ್ ಹುಚ್ಚು ಈ ಮನೆಗೆ ಹಚ್ಚಿದವರು ನಮ್ಮ ಮಾವನವರು. ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ಸುಣ್ಣದ ಗೆರೆ ಎಳೆಸಿ, ನಡುವೆ ಬಲೆ ಕಟ್ಟಿಸಿ, ಇಬ್ಬರು ಗಂಡುಮಕ್ಕಳಿಗೂ ರ‍್ಯಾಕೆಟ್ ಕೊಟ್ಟಿದ್ದರು. ಕುಯ್ಲು ಬಂದರೆ ಕಣದಲ್ಲಿ ಕಾಫಿ, ಕುಯ್ಲು ಮುಗಿದರೆ ಟೆನಿಸ್. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಸಂಜೆ ಅಡುಗೆಮನೆಗೆ ಕೇಳುತ್ತಿದ್ದುದು ಚೆಂಡಿನ ಸದ್ದು ಮತ್ತು "ಔಟ್! ಔಟ್ ಕಣೋ!" ಎಂಬ ಕೂಗಾಟ.

ಮಾವನವರು ಹೋದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ತೋಟ ಹಿಸ್ಸೆಯಾಯಿತು. ಕೆರೆ ಪಕ್ಕದ ರೋಬಸ್ಟಾ ಕಾಫಿಯ ತುಂಡು ಯಾರಿಗೆ ಎನ್ನುವ ಮಾತಿನಲ್ಲಿ ಇಬ್ಬರೂ ಆಡಬಾರದ್ದನ್ನು ಆಡಿದರು. ಅಳತೆಯವರು ಎಳೆದ ಗಡಿ ಕಣದ ನಡುವೆ, ಬಲೆ ಕಟ್ಟುತ್ತಿದ್ದ ಜಾಗದಲ್ಲೇ ಹಾದುಹೋಯಿತು. ಆಮೇಲೆ ಆ ಕಡೆಯ ಅರ್ಧದಲ್ಲಿ ಅವರ ಕಾಫಿ, ಈ ಕಡೆಯ ಅರ್ಧದಲ್ಲಿ ನಮ್ಮ ಕಾಫಿ. ಚೆಂಡಿನ ಸದ್ದು ನಿಂತುಹೋಯಿತು.

ನಿಲ್ಲದೆ ಉಳಿದದ್ದು ಟಿ.ವಿ.ಯಲ್ಲಿ ನೋಡುವ ಟೆನಿಸ್. ಮೊದಲು ಒಂದೇ ಟಿ.ವಿ. ಮುಂದೆ ಕೂರುತ್ತಿದ್ದವರು ಈಗ ಎರಡು ಮನೆಗಳಲ್ಲಿ ಕೂತು ನೋಡಿದರು. ದೊಡ್ಡ ಪಂದ್ಯ ಮುಗಿದ ಐದು ನಿಮಿಷಕ್ಕೆ ಫೋನ್ ಬರುತ್ತಿತ್ತು. "ನೋಡ್ದ್ಯಾ?" "ನೋಡ್ದೆ." ಅಲ್ಲಿಂದ ಅರ್ಧ ಗಂಟೆ ಸರ್ವಿಸು, ವಾಲಿ, ಬ್ಯಾಕ್‌ಹ್ಯಾಂಡು. ಅದು ಮುಗಿದರೆ ಫೋನ್ ಕೆಳಗೆ. ಹೇಗಿದ್ದೀಯ ಎಂಬ ಒಂದು ಮಾತೂ ಇಲ್ಲ. ಅತ್ತೆಯವರ ಹನ್ನೊಂದನೇ ದಿನದ ಕೆಲಸದಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ತಾಯಿಯ ಬಗ್ಗೆ ಒಂದು ಮಾತಾಡದೆ, ಹುಲ್ಲಿನ ಅಂಕಣ ಈಗೀಗ ನಿಧಾನವಾಗಿದೆಯೇ ಎಂದು ಚರ್ಚೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ವಾದ ಒಂದೇ. ಟೆನಿಸ್ ಆಡಿದ ಗಂಡಸರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ಭಾವನಿಗೆ ತೊಂಬತ್ತರ ದಶಕವನ್ನು ಆಳಿದ ಅಮೆರಿಕದವನು. ನಮ್ಮವರಿಗೆ ಈಗ ಆಳುತ್ತಿರುವ ಸ್ವಿಸ್‌ನವನು. ಆ ಆಟಗಾರರ ಹೆಸರು ನಮ್ಮ ಮನೆಗಳಲ್ಲಿ ಯಾರೂ ಹೇಳುತ್ತಿರಲಿಲ್ಲ. 'ನಮ್ಮೋನು', 'ನಿಮ್ಮೋನು' ಅಷ್ಟೇ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಎರಡು ಸಾವಿರದ ಏಳರ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ತೋಟದ ಆಳುಗಳ ಮೇಸ್ತ್ರಿ ಬಂದು, "ದೊಡ್ಡ ಗೌಡ್ರು ಅವರ ತೋಟನ ರೆಸಾರ್ಟ್‌ನೋರಿಗೆ ಕೊಡ್ತಾರಂತೆ. ನಿನ್ನೆ ಎರಡು ಕಾರಲ್ಲಿ ಬಂದು ನೋಡ್ಕೊಂಡು ಹೋದ್ರು" ಎಂದ. ನಮ್ಮವರು ಆ ಮಧ್ಯಾಹ್ನ ಊಟ ಮಾಡಲಿಲ್ಲ.

"ನಿಮ್ಮಣ್ಣನ್ನ ಹೋಗಿ ಕೇಳಿ ಒಂದ್ಸಲ," ಅಂದೆ.

"ಅವ್ರ ಪಾಲು, ಅವ್ರಿಷ್ಟ. ಹೇಳ್ಬೇಕು ಅನ್ಸಿದ್ರೆ ಅವ್ರೇ ಹೇಳ್ತಾರೆ."

ಸಂಜೆ ಫೋನ್ ಬಂತು. ಬಲೆಯ ಹತ್ತಿರ ನುಗ್ಗಿ ವಾಲಿ ಆಡುವವರು ಈಗ ಯಾರೂ ಉಳಿದಿಲ್ಲ ಎಂಬ ವಿಷಯವನ್ನು ಅಣ್ಣತಮ್ಮ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಫೋನ್ ಇಟ್ಟ ಮೇಲೂ ನಮ್ಮವರು ಅದರ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಇವರಿಬ್ಬರು ಹೀಗೆಯೇ ಬ್ಯಾಕ್‌ಹ್ಯಾಂಡ್ ಮಾತಾಡುತ್ತಾ ಇರುವಾಗ ತೋಟ ಬೇರೆಯವರ ಕೈಗೆ ಹೋಗಿಬಿಡುತ್ತದೆ ಎಂದು ನನಗೆ ಆಗಲೇ ಅನ್ನಿಸಿತು.

ಅದೇ ವಾರ ಪತ್ರಿಕೆಯಲ್ಲಿ ಸುದ್ದಿ ನೋಡಿದೆ. ಐದು ವರ್ಷದ ಹಿಂದೆ ಆಟ ಬಿಟ್ಟಿದ್ದ ಅಮೆರಿಕದವನೂ ಸ್ವಿಸ್‌ನವನೂ ಏಷ್ಯಾದ ಮೂರು ಊರುಗಳಲ್ಲಿ ಪ್ರದರ್ಶನ ಪಂದ್ಯ ಆಡುತ್ತಾರಂತೆ. ಎರಡನೆಯದು ಕ್ವಾಲಾಲಂಪುರದಲ್ಲಿ. ನಾನು ಸೀದಾ ಗಡಿ ದಾಟಿ ಹೋಗಿ, "ಭಾವ, ನಿಮ್ಮ ತಮ್ಮ ಹೋಗ್ತಾರಂತೆ, ನೀವು ಬರ್ತೀರಾ ಅಂತ ಕೇಳಿದ್ರು" ಅಂದೆ. ಮನೆಗೆ ಬಂದು ನಮ್ಮವರ ಹತ್ತಿರ, "ನಿಮ್ಮಣ್ಣ ಹೊರಟಿದ್ದಾರೆ, ನಿಮ್ಮನ್ನೂ ಕರೀತಿದಾರೆ" ಅಂದೆ. ಇಬ್ಬರೂ ನಂಬಿದರು. ಇಬ್ಬರಿಗೂ ಆದ ಖುಷಿ ನೋಡಿ ನನಗೇ ಪಾಪ ಅನ್ನಿಸಿತು. ನನ್ನ ಲೆಕ್ಕ ಸರಳವಾಗಿತ್ತು: ನಾಲ್ಕೈದು ದಿನ ಬೇರೆ ದೇಶದಲ್ಲಿ, ಒಂದೇ ಹೋಟೆಲಿನಲ್ಲಿ, ಒಂದೇ ಮೇಜಿನಲ್ಲಿ ಉಂಡರೆ ಯಾರಾದರೂ ಒಬ್ಬರು ಬಾಯಿ ಬಿಟ್ಟೇ ಬಿಡುತ್ತಾರೆ.

ವಿಮಾನದಲ್ಲಿ

ಇಬ್ಬರ ನಡುವಿನ ಸೀಟು ನನ್ನದಾಯಿತು. ಕಿಟಕಿ ಕಡೆ ಭಾವ, ಓಡಾಡುವ ಕಡೆ ನಮ್ಮವರು. ವಿಮಾನ ಮೇಲೇರುವುದಕ್ಕೂ ಕಾಯದೆ ನನ್ನ ತಲೆಯ ಮೇಲಿಂದ ಶುರು ಮಾಡಿದರು.

"ನಮ್ಮೋನು ಹದಿನಾಲ್ಕು ಗ್ರ್ಯಾಂಡ್‌ಸ್ಲಾಮ್ ಗೆದ್ದಿದಾನೆ. ನಿಮ್ಮೋನು ಇನ್ನೂ ಹನ್ನೆರಡು," ಎಂದರು ಭಾವ.

"ನಮ್ಮೋನು ಇನ್ನೂ ಆಡ್ತಿದಾನೆ ಅಣ್ಣಯ್ಯ."

"ನಮ್ಮೋನ ಕಾಲದಲ್ಲಿ ಎದುರಾಳಿಗಳು ಎಂಥೋರಿದ್ರು! ಆ ಬೋಳುತಲೆಯೋನು ಒಬ್ಬನೇ ಸಾಕು. ಸರ್ವಿಸ್‌ನ ಅವನ ಹಾಗೆ ವಾಪಸ್ ಹೊಡೆಯೋರು ಈಗ ಯಾರಿದಾರೆ?"

"ನಿಮ್ಮೋನು ಮಣ್ಣಿನ ಅಂಕಣದಲ್ಲಿ ಫೈನಲ್‌ಗಾದ್ರೂ ಬಂದಿದ್ನಾ? ನಮ್ಮೋನು ಎರಡು ಸಲ ಬಂದಿದಾನೆ."

"ಬಂದು? ಆ ಸ್ಪೇನ್ ಹುಡುಗನ ಕೈಲಿ ಒದೆ ತಿಂದಿದಾನೆ."

ನಮ್ಮವರು ಕೊನೆಯ ಅಸ್ತ್ರ ತೆಗೆದರು. ಆರು ವರ್ಷದ ಹಿಂದೆ ಲಂಡನ್ನಿನ ಹುಲ್ಲಿನ ಮೇಲೆ ಇವರಿಬ್ಬರೂ ಒಂದೇ ಒಂದು ಸಲ ಎದುರಾಗಿದ್ದರು. ಆಗ ಹತ್ತೊಂಬತ್ತು ವರ್ಷದ ಸ್ವಿಸ್‌ನವನೇ ಐದು ಸೆಟ್ಟಿನಲ್ಲಿ ಗೆದ್ದಿದ್ದ. ಅದಕ್ಕೆ ಭಾವನ ಉತ್ತರ ನನಗೆ ಬಾಯಿಪಾಠ ಆಗಿದೆ. "ಒಂದು ವರ್ಷದ ಫಸಲು ನೋಡಿ ಯಾರಾದ್ರೂ ತೋಟದ ಯೋಗ್ಯತೆ ಹೇಳ್ತಾರೇನೋ? ಆ ವರ್ಷ ಹೂ ಅರಳೋ ಹೊತ್ತಿಗೆ ಮಳೆ ಸರಿಯಾಗಿ ಬಂತೋ ಇಲ್ವೋ, ಹಿಂದಿನ ವರ್ಷ ಗಿಡ ಜಾಸ್ತಿ ಹೊತ್ತು ಸುಸ್ತಾಗಿತ್ತೋ ಏನೋ, ಎಲ್ಲಾ ನೋಡ್ಬೇಕು. ನಮ್ಮೋನು ಆಗ ಸುಸ್ತಾಗಿದ್ದ."

ನಿಜ ಹೇಳಬೇಕೆಂದರೆ ಇಬ್ಬರ ಮಾತಿನಲ್ಲೂ ಹುರುಳಿತ್ತು. ಅಮೆರಿಕದವನ ಸರ್ವಿಸ್ ಬಂತೆಂದರೆ ಪಾಯಿಂಟ್ ಮುಗಿದಂತೆಯೇ. ಎದುರಿನವನು ಗೆಲ್ಲುವ ಅಂಚಿಗೆ ಬಂದಾಗ ಅವನು ಎರಡನೇ ಸರ್ವಿಸನ್ನೂ ಮೊದಲಿನಷ್ಟೇ ಜೋರಾಗಿ ಹೊಡೆಯುತ್ತಿದ್ದ. ಆ ಧೈರ್ಯ ನಾನು ಬೇರೆ ಯಾರಲ್ಲೂ ನೋಡಿಲ್ಲ. ಸ್ವಿಸ್‌ನವನು ಬೇರೆ ಥರ. ಅವನು ಚೆಂಡಿನ ಹತ್ತಿರ ಓಡುವುದೇ ಕಾಣುವುದಿಲ್ಲ, ನೋಡಿದಾಗ ಆಗಲೇ ಅಲ್ಲಿ ನಿಂತಿರುತ್ತಾನೆ. ನನ್ನ ಮೆಚ್ಚಿನವನು ಮಾತ್ರ ಆ ಎಡಗೈಯ ಸ್ಪೇನ್ ಹುಡುಗ. ಪ್ರತಿ ಚೆಂಡಿಗೂ ಬೆವರು ಹರಿಸುತ್ತಾನೆ, ಸೋತ ಪಾಯಿಂಟಿಗೂ ಕೊನೆಯವರೆಗೆ ಓಡುತ್ತಾನೆ. ಮುಂದೆ ಇವರಿಬ್ಬರನ್ನೂ ಅವನು ಹಿಂದೆ ಹಾಕಿದರೂ ಹಾಕಿಯಾನು ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ನಕ್ಕಿದ್ದರು. ಆಮೇಲೆ ನನ್ನ ಮತ ಯಾರೂ ಕೇಳಿಲ್ಲ.

ಕ್ವಾಲಾಲಂಪುರ: ಮೊದಲ ಬೆಳಗು

ನಾನು ಮನೆಯಿಂದ ಕಾಫಿಪುಡಿ ಮತ್ತು ಹಿತ್ತಾಳೆ ಫಿಲ್ಟರ್ ತಂದಿದ್ದೆ. ವಿಮಾನ ನಿಲ್ದಾಣದ ಅಧಿಕಾರಿ ಫಿಲ್ಟರನ್ನು ತಿರುಗಿಸಿ ಮುರುಗಿಸಿ, ಎರಡು ಭಾಗ ಬೇರೆ ಮಾಡಿ, ತಳದ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದ. ಇದು ಏನು ಎಂದು ವಿವರಿಸಲು ನಾವು ಮೂವರೂ ಒಟ್ಟಿಗೆ ಬಾಯಿ ಹಾಕಿದ್ದರಿಂದ ಅನುಮಾನ ಹೆಚ್ಚಾಯಿತು. ಕೊನೆಗೆ ಪುಡಿಯ ಪೊಟ್ಟಣ ಮೂಸಿ ನೋಡಿ, "ಕೋಪಿ!" ಎಂದು ನಕ್ಕು ಬಿಟ್ಟುಕೊಟ್ಟ.

ಅಲ್ಲಿಯ ಕೋಪಿಯ ರುಚಿ ಮರುದಿನ ಬೆಳಿಗ್ಗೆ ಗೊತ್ತಾಯಿತು. ಹೋಟೆಲಿನ ಎದುರಿನ ಅಂಗಡಿಯಲ್ಲಿ ಒಬ್ಬ ಮುದುಕ ಉದ್ದನೆಯ ಬಟ್ಟೆಯ ಚೀಲದಲ್ಲಿ ಪುಡಿ ಹಾಕಿ ಬಿಸಿನೀರು ಸುರಿಯುತ್ತಿದ್ದ. ಬೀಜವನ್ನು ಸಕ್ಕರೆ, ಬೆಣ್ಣೆ ಹಾಕಿ ಹುರಿಯುತ್ತಾರಂತೆ. ಅದಕ್ಕೆ ಡಬ್ಬಿಯ ಗಟ್ಟಿಹಾಲು ಬೇರೆ. ಭಾವ ಒಂದು ಗುಟುಕು ಕುಡಿದು ತಮ್ಮನ ಮುಖ ನೋಡಿದರು. ತಮ್ಮ ಒಂದು ಗುಟುಕು ಕುಡಿದು ಅಣ್ಣನ ಮುಖ ನೋಡಿದರು. ಇಬ್ಬರಿಗೂ ಹೇಳಬೇಕಾದದ್ದು ಒಂದೇ ಎಂದು ನನಗೆ ಗೊತ್ತಿತ್ತು. ಕಾಫಿ ಬೆಳೆಯುವವನಿಗೆ ಹುರಿಯುವಾಗ ಬೀಜಕ್ಕೆ ಸಕ್ಕರೆ ಹಾಕಿದರೆ ಆಗುವ ಸಂಕಟ ಇನ್ನೊಬ್ಬ ಬೆಳೆಗಾರನಿಗೇ ಅರ್ಥವಾಗಬೇಕು. ಆದರೆ ಕಾಫಿ ಎಂದರೆ ತೋಟದ ಮಾತು, ಅದು ಅವರ ಒಪ್ಪಂದದಲ್ಲಿ ಇರಲಿಲ್ಲ. ಭಾವ ಲೋಟ ಕೆಳಗಿಟ್ಟು, "ಒಳಾಂಗಣ ಅಂದ್ರೆ ಚೆಂಡು ಜೋರಾಗಿ ಬರತ್ತೆ, ನಮ್ಮೋನಿಗೆ ಅನುಕೂಲ" ಎಂದರು. ನನಗೆ ಆ ಗಟ್ಟಿಹಾಲನ್ನು ಇಬ್ಬರ ತಲೆಗೂ ಸುರಿಯಬೇಕು ಅನ್ನಿಸಿತು. ಗುಟ್ಟಾಗಿ ಹೇಳುತ್ತೇನೆ, ಆ ಕಾಫಿ ನನಗೆ ಇಷ್ಟವಾಯಿತು, ಇನ್ನೊಂದು ಲೋಟ ಕುಡಿದೆ.

ಆ ಊರಿನವರು ಬಹಳ ಮೃದು. ಯಾರಿಗಾದರೂ ದಾರಿ ತೋರಿಸುವಾಗ ತೋರುಬೆರಳು ಚಾಚುವುದು ಅವರಿಗೆ ಮರ್ಯಾದೆಯಲ್ಲ. ಬೆರಳು ಮಡಚಿ ಹೆಬ್ಬೆರಳಿನಿಂದ ತೋರಿಸುತ್ತಾರೆ. ನಮ್ಮವರಿಗೆ ಇದು ತಿಳಿಯದೆ, ಲಿಫ್ಟ್ ಎಲ್ಲಿ ಎಂದು ಕೇಳಿದಾಗ ಹೋಟೆಲಿನ ಹುಡುಗಿ ಹೆಬ್ಬೆಟ್ಟು ತೋರಿಸಿದಳೆಂದು ಮುಖ ಕೆಂಪು ಮಾಡಿಕೊಂಡರು. "ನಾನೇನು ಕೇಳ್ಬಾರದ್ದು ಕೇಳಿದ್ನಾ?" ಎಂದು ನನ್ನ ಮೇಲೆ ರೇಗಿದರು. ಎರಡು ದಿನ ಕಳೆಯುವುದರೊಳಗೆ ಅವರೇ ಹೆಬ್ಬೆಟ್ಟಿನಿಂದ ಇಡ್ಲಿ ತೋರಿಸಿ ಇನ್ನೊಂದು ಪ್ಲೇಟ್ ಹೇಳುತ್ತಿದ್ದರು.

ಎಸ್ಟೇಟ್ ಇದ್ದ ಜಾಗ

ಟ್ಯಾಕ್ಸಿಯ ಸೆಲ್ವಂ ನಮ್ಮ ಪಾಲಿಗೆ ಸಿಕ್ಕಿದ್ದು ಅದೃಷ್ಟ. ಐವತ್ತರ ಆಸುಪಾಸಿನ ತಮಿಳಿನವನು, ಅವನ ಅಜ್ಜನ ಕಾಲದಲ್ಲಿ ರಬ್ಬರ್ ಎಸ್ಟೇಟಿಗೆ ಕೂಲಿಗೆಂದು ಬಂದ ಕುಟುಂಬ. ಭಾವನಿಗೆ ತೋಟದ ಆಳುಗಳ ಜೊತೆ ಆಡಿ ಬಂದ ತಮಿಳು ಇತ್ತು. ಅದು ಬೈಯುವುದಕ್ಕೂ ಲೆಕ್ಕ ಕೇಳುವುದಕ್ಕೂ ಬರುವ ತಮಿಳು. ಉಪಚಾರದ ಮಾತು ಅದರಲ್ಲಿ ಕಡಿಮೆ. ಸೆಲ್ವಂ ಒಂದೆರಡು ಮಾತು ಕೇಳಿದ ಕೂಡಲೇ ಕನ್ನಡಿಯಲ್ಲಿ ನೋಡಿ ನಕ್ಕ.

"ನೀವು ಎಸ್ಟೇಟ್ ದೊರೆಗಳಾ?" ಎಂದು ತಮಿಳಿನಲ್ಲಿ ಕೇಳಿದ.

"ಹೆಂಗೆ ಗೊತ್ತಾಯ್ತು?"

"ನಮ್ಮಪ್ಪನ ಹತ್ರ ದೊರೆ ಹೀಗೇ ಮಾತಾಡ್ತಿದ್ದ."

ಭಾವ ಸ್ವಲ್ಪ ನಾಚಿಕೊಂಡರು. ಆಮೇಲೆ ಅವನ ಜೊತೆ ಮಾತಾಡುವಾಗಲೆಲ್ಲ ದನಿ ತಗ್ಗಿಸಿದ್ದನ್ನು ನಾನು ಗಮನಿಸಿದೆ.

ಪಂದ್ಯದ ದಿನ ಸೆಲ್ವಂ ನಮ್ಮನ್ನು ಸ್ವಲ್ಪ ಬೇಗನೆ ಹೊರಡಿಸಿದ. ಕ್ರೀಡಾಂಗಣ ನಗರದ ಹೊರಗೆ, ಪಕ್ಕದ ಊರಿನಲ್ಲಿತ್ತು. ದಾರಿಯಲ್ಲಿ ಒಂದು ಕಡೆ ಕಾರು ನಿಲ್ಲಿಸಿ, ಹೆಬ್ಬೆರಳಿನಿಂದ ತೋರಿಸಿದ. ಸಾಲು ಸಾಲು ಹೊಸ ಮನೆಗಳು, ಅವುಗಳ ಆಚೆ ನೀಟಾಗಿ ಕತ್ತರಿಸಿದ ಹುಲ್ಲಿನ ಗಾಲ್ಫ್ ಮೈದಾನ.

"ನಾನು ಹುಟ್ಟಿದ್ದು ಇಲ್ಲೇ. ಇದೆಲ್ಲಾ ರಬ್ಬರ್. ಅಲ್ಲಿ ನಮ್ಮ ಕೂಲಿಯೋರ ಲೈನ್ ಮನೆ ಇತ್ತು. ಎಸ್ಟೇಟ್ ಮಾರಿದ್ರು, ನಾವೆಲ್ಲಾ ಒಂದೊಂದು ದಿಕ್ಕಿಗೆ ಹೋದ್ವಿ. ನಮ್ಮಪ್ಪ ಆಮೇಲೂ ಇಲ್ಲಿಗೆ ಬಂದು ಬಂದು ನಿಂತ್ಕೊಳ್ತಿದ್ದ. ಇಲ್ಲಿನ ಕಾವಲುಗಾರ ಓಡಿಸ್ತಿದ್ದ."

ದೂರು ಹೇಳುವ ದನಿಯಲ್ಲಿ ಅವನು ಹೇಳಲಿಲ್ಲ, ನಮ್ಮೂರಿನಲ್ಲಿ ಯಾರಾದರೂ ತಾವು ಓದಿದ ಶಾಲೆ ತೋರಿಸಿದಂತೆ ತೋರಿಸಿದ. ಭಾವ ಕಾರಿನಿಂದ ಇಳಿದು, ಮಂಡಿ ಹಿಡಿದುಕೊಂಡು, ರಸ್ತೆಯಂಚಿನವರೆಗೆ ನಡೆದು ಹೋಗಿ ನಿಂತರು. ಅವರ ಮಂಡಿ ಇಷ್ಟು ಕೆಟ್ಟಿದೆ ಎಂದು ನಮಗೆ ಈ ಪ್ರಯಾಣದಲ್ಲೇ ಗೊತ್ತಾದದ್ದು. ನಮ್ಮವರು ಕಾರಿನೊಳಗಿಂದಲೇ ಅಣ್ಣನ ಬೆನ್ನು ನೋಡುತ್ತಿದ್ದರು. ತುಟಿ ಎರಡು ಸಲ ಅಲ್ಲಾಡಿತು.

"ಈಗ ಕೇಳಿ," ಎಂದು ನಾನು ತಿವಿದೆ.

ಭಾವ ವಾಪಸ್ ಬಂದು ಕೂತರು. ನಮ್ಮವರು ಗಂಟಲು ಸರಿಮಾಡಿಕೊಂಡು, "ಅಣ್ಣಯ್ಯ, ನಿಮ್ಮೋನು ಮೊದಲನೇ ಪಂದ್ಯ ಸೋತಿದಾನಲ್ಲ, ಇವತ್ತು ಏನಂತೀರಿ?" ಎಂದರು. ನಾನು ಕಿಟಕಿ ಕಡೆ ಮುಖ ತಿರುಗಿಸಿದೆ.

ಆಟದ ಸಂಜೆ

ಟಿ.ವಿ.ಯಲ್ಲಿ ಇಷ್ಟು ವರ್ಷ ನೋಡಿದ್ದು ಆಟದ ಅರ್ಧ ಮಾತ್ರ ಎಂದು ಒಳಗೆ ಕೂತ ಮೇಲೆ ತಿಳಿಯಿತು. ಚೆಂಡು ಹೊಡೆದ ಸದ್ದು ಎದೆಗೆ ತಾಗುತ್ತದೆ. ಅಮೆರಿಕದವನ ತಲೆಗೂದಲು ತೆಳುವಾಗಿತ್ತು, ಸೊಂಟ ಸ್ವಲ್ಪ ದಪ್ಪವಾಗಿತ್ತು. ಆದರೆ ನಾಲಿಗೆ ಹೊರಗೆ ಚಾಚಿ ಮೊದಲ ಸರ್ವಿಸ್ ಹೊಡೆದದ್ದೇ ತಡ, ಭಾವ ನನ್ನ ಕೈ ಗಟ್ಟಿಯಾಗಿ ಹಿಡಿದುಬಿಟ್ಟರು. ತಪ್ಪು ತಿಳಿಯಬೇಡಿ, ಅವರಿಗೆ ಯಾರ ಕೈ ಎಂಬ ಪರಿವೆಯೇ ಇರಲಿಲ್ಲ. ಮುಖ ನೋಡಿದರೆ ಮೂವತ್ತು ವರ್ಷದ ಹಿಂದಿನ ಹುಡುಗನ ಹಾಗೆ ಕಾಣುತ್ತಿದ್ದರು.

ಪ್ರದರ್ಶನ ಪಂದ್ಯವಾದರೂ ಇಬ್ಬರೂ ಬಿಟ್ಟುಕೊಡಲಿಲ್ಲ. ಒಬ್ಬನು ಬಲೆಯ ಹತ್ತಿರ ನುಗ್ಗುವುದು, ಇನ್ನೊಬ್ಬನು ಪಕ್ಕದಿಂದ ದಾಟಿಸುವುದು. ಮೊದಲ ಸೆಟ್ಟು ಟೈಬ್ರೇಕರಿಗೆ ಹೋಗಿ ಸ್ವಿಸ್‌ನವನ ಪಾಲಾಯಿತು. "ನೋಡಿದ್ರಾ?" ಎಂದರು ನಮ್ಮವರು. "ಸ್ವಲ್ಪದರಲ್ಲಿ ತಪ್ಪಿತು, ವಯಸ್ಸು ನೋಡು ಅವಂದು," ಎಂದರು ಭಾವ. ಎರಡನೇ ಸೆಟ್ಟೂ ಆರು ಆರು ಸಮವಾಗಿ ಟೈಬ್ರೇಕರಿಗೆ ಬಂತು. ಅಮೆರಿಕದವನು ಇದನ್ನು ಗೆದ್ದರೆ ಒಂದೊಂದು ಸಮ. ಸೋತರೆ ಎಲ್ಲ ಮುಗಿದಂತೆ. ಇಷ್ಟು ವರ್ಷದ ವಾದಕ್ಕೆ ಕಣ್ಣೆದುರೇ ತೀರ್ಪು ಸಿಗುವ ಹೊತ್ತು. ಸಾವಿರಾರು ಜನ ಉಸಿರು ಬಿಗಿಹಿಡಿದು ಕೂತಿದ್ದರು.

ಆಗ ಛಾವಣಿಯ ಮೇಲೆ ಮಳೆ ಬಿತ್ತು.

ಆ ದೇಶದ ಮಳೆ ಹನಿ ಹನಿಯಾಗಿ ಶುರುವಾಗುವುದಿಲ್ಲ, ಮೂಟೆ ಬಿಚ್ಚಿ ಸುರಿದಂತೆ ಒಮ್ಮೆಲೇ ಬರುತ್ತದೆ. ಛಾವಣಿ ಧಡಧಡ ಎಂದಿತು. ಸುತ್ತ ಕೂತವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ನನ್ನ ಎರಡೂ ಪಕ್ಕದವರು ಮಾತ್ರ ಒಟ್ಟಿಗೆ ಎದ್ದು ನಿಂತರು.

"ಅಣ್ಣಯ್ಯಾ, ಕಣದಲ್ಲಿ ಕಾಫಿ!" ಎಂದು ನಮ್ಮವರು ಕೂಗಿದರು.

"ಟಾರ್ಪಾಲ್ ತಗೋಳೋ ಮಂಜ! ಓಡು!" ಎಂದರು ಭಾವ.

ಇಬ್ಬರೂ ಜನರ ಕಾಲು ತುಳಿದುಕೊಂಡು ಮೆಟ್ಟಿಲು ಹತ್ತಿ ಓಡಿದರು. ಕೆಟ್ಟ ಮಂಡಿಯ ಭಾವನೇ ಮುಂದೆ. ಕುಯ್ಲಿನ ಕಾಲದ ಮಳೆಗೆ ನಮ್ಮ ಕಡೆಯವರು ಎಂಥ ನಿದ್ದೆಯಿಂದಲೂ ಏಳುತ್ತಾರೆ. ಒಣಗಲು ಹರವಿದ ಕಾಫಿ ನೆನೆದರೆ ಒಂದು ವರ್ಷದ ದುಡಿಮೆ ಬೂಷ್ಟು ಹಿಡಿಯುತ್ತದೆ. ಆದರೆ ಎದ್ದು ಓಡಲು ಕಣ ಹತ್ತಿರವಿರಬೇಕಲ್ಲ! ಸುತ್ತಲಿನವರು ನನ್ನನ್ನೇ ನೋಡತೊಡಗಿದರು. ಪಕ್ಕದ ಚೀನೀ ಹೆಂಗಸು ಕಾಳಜಿಯಿಂದ, ಯಾರಿಗಾದರೂ ಮೈ ಹುಷಾರಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕಾಫಿ ಎಂದೆ. ಆಕೆ ತನ್ನ ಕಾಫಿಯ ಲೋಟವನ್ನೇ ನನಗೆ ಕೊಟ್ಟಳು.

ನಾನು ಎದ್ದು ಹಿಂದೆ ಹೋಗೋಣವೆಂದರೆ ಆಟ ನಡೆಯುತ್ತಿರುವಾಗ ಓಡಾಡಬಾರದೆಂದು ಮೆಟ್ಟಿಲ ಹತ್ತಿರದ ಹುಡುಗ ಕೈ ಅಡ್ಡ ಹಿಡಿದ. ಕೂತೆ. ಕೊನೆಯ ಪಾಯಿಂಟುಗಳನ್ನು ನಮ್ಮ ಮೂವರಲ್ಲಿ ನಾನೊಬ್ಬಳೇ ನೋಡಿದೆ. ಗೆದ್ದವನೂ ಸೋತವನೂ ಬಲೆಯ ಹತ್ತಿರ ಬಂದು ಕೈ ಕುಲುಕಿ, ಹಳೆಯ ಸ್ನೇಹಿತರಂತೆ ಏನೋ ಹೇಳಿಕೊಂಡು ನಕ್ಕರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಬಾಗಿಲ ಹೊರಗೆ

ಹೊರಗಿನ ಪಡಸಾಲೆಯಲ್ಲಿ ಇಬ್ಬರೂ ಗಾಜಿನ ಗೋಡೆಗೆ ಒತ್ತಿ ನಿಂತು ಮಳೆ ನೋಡುತ್ತಿದ್ದರು. ಬಾಗಿಲು ತಲುಪಿದಾಗಲೇ ತಾವು ಎಲ್ಲಿದ್ದೇವೆ ಎಂದು ಅರಿವಾಗಿತ್ತಂತೆ. ಆದರೆ ಒಮ್ಮೆ ಹೊರಗೆ ಬಂದವರನ್ನು ಆಟದ ನಡುವೆ ಒಳಗೆ ಬಿಡುವುದಿಲ್ಲ. ನನ್ನನ್ನು ನೋಡಿದರು. ಯಾರು ಗೆದ್ದ ಎಂದು ಒಬ್ಬರೂ ಕೇಳಲಿಲ್ಲ.

"ಊರಲ್ಲೂ ಬಂದಿರ್ಬಹುದಾ?" ಎಂದರು ನಮ್ಮವರು.

"ನವೆಂಬರ್ ಮಳೆ ನಂಬಕ್ಕಾಗಲ್ಲ. ಚಂಡಮಾರುತ ಎದ್ರೆ ನಮಗೂ ಬಂದೇ ಬರತ್ತೆ," ಎಂದರು ಭಾವ.

ಮಳೆಯ ಲಕ್ಷಣ ನೋಡಿ ಸೆಲ್ವಂ ಕಾರನ್ನು ಬಾಗಿಲ ಹತ್ತಿರವೇ ತಂದು ನಿಲ್ಲಿಸಿದ್ದ. ಅವನ ಮೊಬೈಲ್ ಇಸಕೊಂಡು ಭಾವ ಅಲ್ಲೇ ನಿಂತು ಊರಿಗೆ ಫೋನ್ ಮಾಡಿದರು. ಎತ್ತಿದ್ದು ಅವರ ತೋಟದ ಲೆಕ್ಕ ಬರೆಯುವ ರೈಟರ್. ಅವನ ದನಿ ದೊಡ್ಡದು, ಎಲ್ಲರಿಗೂ ಕೇಳುತ್ತಿತ್ತು.

"ಮಳೆ ಬಂತೇನೋ?"

"ಇಲ್ಲ ಗೌಡ್ರೇ. ಒಳ್ಳೆ ಚಳಿ, ಮೋಡನೇ ಇಲ್ಲ. ಅಲ್ಲಿ ಆಟ ಏನಾಯ್ತು?"

"ಆಟ ಹಾಳಾಗ್ಲಿ. ಕಣ ಮುಚ್ಚಿದ್ರಾ?"

"ಸಂಜೆನೇ ಗುಡ್ಡೆ ಮಾಡಿ ಮುಚ್ಚಿದೀವಿ."

"ಮಂಜನ ಕಡೇದು?"

"ಅದೂ ನಮ್ಮೋರೇ ಮುಚ್ಚಿದ್ರು ಗೌಡ್ರೇ. ಹೋಗೋವಾಗ ನೀವೇ ಹೇಳಿ ಹೋಗಿದ್ರಲ್ಲ, ಇಬ್ಬನಿ ಬೀಳೋ ಮುಂಚೆ ಮೊದ್ಲು ಸಣ್ಣ ಗೌಡ್ರ ಕಾಫಿ ಮುಚ್ಚಿ ಅಂತ."

ಭಾವ ಫೋನ್ ಆರಿಸಿ ಸೆಲ್ವಂಗೆ ಕೊಟ್ಟರು. ತಮ್ಮನ ಕಡೆ ನೋಡಲಿಲ್ಲ. ನಮ್ಮವರು ಒಂದು ಹೆಜ್ಜೆ ಅಣ್ಣನ ಹತ್ತಿರ ಬಂದರು.

"ಅಣ್ಣಯ್ಯ, ತೋಟ ಮಾರ್ತೀರಂತೆ. ಹೌದಾ?"

"ಯಾರು ಹೇಳಿದ್ರು?"

"ಯಾರು ಹೇಳಿದ್ರೇನು? ನೀವು ಹೇಳ್ಲಿಲ್ವಲ್ಲ."

"ನೀನು ಕೇಳ್ಲಿಲ್ವಲ್ಲ ಮಾರಾಯ!" ಭಾವ ತಮ್ಮನ ಕಡೆ ತಿರುಗಿದರು. "ಅವ್ರು ಬಂದು ನೋಡ್ಕೊಂಡು ಹೋದ ದಿವ್ಸದಿಂದ ನಿನಗೆ ದಿನಾ ಫೋನ್ ಮಾಡ್ತಿದೀನಿ. ಇವತ್ತು ಕೇಳ್ತಾನೆ, ನಾಳೆ ಕೇಳ್ತಾನೆ ಅಂತ. ನೀನು ಬರೀ ಆ ಸ್ವಿಸ್‌ನೋನ ಬ್ಯಾಕ್‌ಹ್ಯಾಂಡ್ ವಿಷ್ಯ ಹೇಳ್ತಿದ್ದೆ."

"ನೀವೇ ಹೇಳ್ತೀರ ಅಂತ ನಾನು ಕಾಯ್ತಿದ್ದೆ."

ನನಗೆ ತಡೆಯಲಾಗಲಿಲ್ಲ. "ಇಬ್ಬರಿಗೂ ಬುದ್ಧಿ ಇಲ್ಲ," ಎಂದು ಜೋರಾಗಿಯೇ ಹೇಳಿ ಅತ್ತುಬಿಟ್ಟೆ. ಸೆಲ್ವಂ ಗಾಬರಿಯಾಗಿ ಕೊಡೆ ಹಿಡಿದ.

ಭಾವ ಅಲ್ಲಿದ್ದ ಬೆಂಚಿನ ಮೇಲೆ ಕೂತರು. "ಮಂಡಿ ಹೋಗಿದೆ ಕಣೋ. ಕೆಳಗಿನ ಬ್ಲಾಕಿಗೆ ಇಳಿದ್ರೆ ಹತ್ತಿ ಬರಕ್ಕಾಗಲ್ಲ. ಮೇಸ್ತ್ರಿ ಹೇಳಿದ್ದೇ ನಂಬಬೇಕು. ಮಗಳಿಗೆ ತೋಟ ಬೇಡ. ಇನ್ನೇನು ಮಾಡ್ಲಿ?"

"ನನ್ನ ಮಂಡಿ ಚೆನ್ನಾಗಿದೆಯಲ್ಲ," ಎಂದರು ನಮ್ಮವರು.

ಅಷ್ಟು ಸಣ್ಣ ಮಾತು. ಅದನ್ನು ಹೇಳಲು ಒಂದು ಸಮುದ್ರ ದಾಟಬೇಕಾಯಿತು.

"ಮಾತು ಕೊಟ್ಟಾಗಿದೆಯಾ?" ಎಂದು ನಾನು ಕೇಳಿದೆ.

"ಇಲ್ಲ ಸುಮಿತ್ರಾ. ಕುಯ್ಲು ಮುಗೀಲಿ, ಆಮೇಲೆ ಹೇಳ್ತೀನಿ ಅಂದಿದೀನಿ." ಮಂಡಿ ಉಜ್ಜಿಕೊಳ್ಳುತ್ತಾ, "ಇವತ್ತು ಆ ಗಾಲ್ಫ್ ಮೈದಾನ ನೋಡಿದ ಮೇಲೆ ಹೇಳಕ್ಕೂ ಮನಸ್ಸಿಲ್ಲ," ಎಂದರು.

"ಬೇಡ ಅಂತ ಹೇಳಿ ಅವ್ರಿಗೆ. ನಾನು ನೋಡ್ಕೋತೀನಿ," ಎಂದರು ನಮ್ಮವರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ನಮ್ಮವರಾಗುತ್ತಿರಲಿಲ್ಲ. "ಆದ್ರೆ ಮೇಲಿನ ಬ್ಲಾಕಲ್ಲಿ ಆ ಸಿಲ್ವರ್ ಓಕ್ ಮರ ಎಲ್ಲಾ ತೆಗೆಸ್ತೀನಿ. ನೆರಳೇ ಸರಿಯಿಲ್ಲ ಅಲ್ಲಿ."

"ನನ್ನ ಮರ ಮುಟ್ಟಿದ್ರೆ ನೋಡು!"

ಹೋಟೆಲಿಗೆ ವಾಪಸ್ ಬರುವ ದಾರಿಯುದ್ದಕ್ಕೂ ಜಗಳ. ಸಿಲ್ವರ್ ಮರ, ಕೆರೆಯ ನೀರು, ಕೂಲಿ ಆಳು, ಹಿಸ್ಸೆಯ ದಿನ ಯಾರು ಮೊದಲು ದನಿ ಏರಿಸಿದ್ದು. ಎಲ್ಲವೂ ಹೊರಗೆ ಬಂತು. ನಡುವೆ ಒಮ್ಮೆ ನಮ್ಮವರು ತಾಯಿಯ ಕೊನೆಯ ದಿನಗಳ ಮಾತೆತ್ತಿದರು, ಇಬ್ಬರೂ ಕಣ್ಣೊರೆಸಿಕೊಂಡರು, ಮತ್ತೆ ಸಿಲ್ವರ್ ಮರಕ್ಕೆ ಬಂದರು. ಇಷ್ಟು ಒಳ್ಳೆಯ ಜಗಳವನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಹಿಂದಿನ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡೆ.

ಹೊರಡುವ ದಿನ

ವಿಮಾನ ನಿಲ್ದಾಣದಲ್ಲಿ ಕಾಯುವಾಗ ನಮ್ಮವರು ನೀರು ತರಲೆಂದು ಹೋದವರು ಬರಿಗೈಯಲ್ಲಿ ಓಡಿ ಬಂದರು. ಅಲ್ಲಿ ಟಿ.ವಿ.ಯಲ್ಲಿ ಮೂರನೇ ಪಂದ್ಯದ ಸುದ್ದಿ ಬಂದಿತ್ತು. ಮಕಾವಿನಲ್ಲಿ ಆಡಿದ ಆ ಪಂದ್ಯವನ್ನು, ಆಟ ಬಿಟ್ಟು ಐದು ವರ್ಷವಾಗಿದ್ದ ಅಮೆರಿಕದವನು, ನೇರ ಸೆಟ್ಟುಗಳಲ್ಲಿ ಗೆದ್ದುಬಿಟ್ಟಿದ್ದ. ಜಗತ್ತಿನ ಮೊದಲನೇ ಸ್ಥಾನದ ಆಟಗಾರನನ್ನು ಸೋಲಿಸಿದ್ದ. ತಮ್ಮ ಕಡೆಯವನು ಸೋತನೆಂಬ ಬೇಸರ ನಮ್ಮವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಅಣ್ಣನಿಗೆ ಈ ಸುದ್ದಿ ತಾವೇ ಹೇಳಬೇಕೆಂಬ ಆತುರ ಮಾತ್ರ ಕಾಣುತ್ತಿತ್ತು.

"ಅಣ್ಣಯ್ಯ! ನಿಮ್ಮೋನು ಗೆದ್ದ! ನಮ್ಮೋನ್ನ ಸೋಲಿಸಿಬಿಟ್ಟ!"

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲ ಎತ್ತಿ ಕೆಳಗಿಟ್ಟು, ಆ ಕುರ್ಚಿಯನ್ನು ಕೈಯಿಂದ ತಟ್ಟಿದರು.

"ಗೆಲ್ಲಲಿ ಬಿಡೋ. ನೀನು ಬಾ, ಕೂತ್ಕೋ ಇಲ್ಲಿ. ನಿನ್ನ ಹತ್ರ ಕೇಳ್ಬೇಕಾದ್ದು ಇನ್ನೂ ಒಂಬತ್ತು ವರ್ಷದ್ದು ಬಾಕಿ ಇದೆ."